ಟೊಮೆಟೊ ಬಿಟ್ಟಿರಿ ಸರಿ, ಯಾತಕ್ಕಾಗಿ ಬಿಟ್ಟಿರಿ?

ಆ ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ವರ್ಷದಲ್ಲಿ ಕೆಲವು ತಿಂಗಳು ಟೆಕ್ಸಾಸ್‌ನಲ್ಲಿರುವ ಮಗಳ ಮನೆ, ಉಳಿದಂತೆ ಮೈಸೂರು. ಮೂತ್ರಪಿಂಡಗಳು ಸ್ವಲ್ಪ ಸೋತಿವೆ. ರಕ್ತದಲ್ಲಿ ಪೊಟ್ಯಾಸಿಯಂ ಸುಮಾರು 5ರ ಮೇಲೆ ಹೋಗಬಾರದು, ಅವರದು 5.8 ಬಂದಿತ್ತು. ವೈದ್ಯರು ಔಷಧ ಬರೆದು, ಟೊಮೆಟೊ ಕಡಿಮೆ ಮಾಡಿ ಎಂದು ಹೇಳಿ, ಪಥ್ಯದ ವಿವರಕ್ಕೆ ನನ್ನ ಬಳಿ ಕಳುಹಿಸಿದ್ದರು. ಅಮ್ಮ ಕೈಬೀಸಿಕೊಂಡು ಬರಲಿಲ್ಲ. ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು ಮೇಜಿನ ಮೇಲಿಟ್ಟು ಮುಚ್ಚಳ ತೆರೆದರು. ಮಗಳ ಮನೆಯಲ್ಲಿ ಮೊಮ್ಮಕ್ಕಳ ಜೊತೆ ತಿಂದು ರುಚಿ ಹತ್ತಿದ ಸಾಲ್ಸಾ, ಚಿಪ್ಸ್‌ಗೆ ನಂಜಿಕೊಳ್ಳುವ, ಸಾಮಾನ್ಯವಾಗಿ ಟೊಮೆಟೊದಿಂದ ಮಾಡುವ ಮೆಕ್ಸಿಕೊದ ಚಟ್ನಿಯಂಥದ್ದು.

"ನೋಡಿ ಮೇಡಂ, ಒಂದು ಚೂರೂ ಟೊಮೆಟೊ ಹಾಕಿಲ್ಲ."

ನಿಜ, ಹಾಕಿರಲಿಲ್ಲ. ಅದರ ಬದಲು ಒಂದು ದೊಡ್ಡ ಬೆಣ್ಣೆಹಣ್ಣು, ಕರುಂ ಎನ್ನಲಿ ಎಂದು ನವಿಲುಕೋಸು, ಜೊತೆಗೆ ಈರುಳ್ಳಿ, ಕೊತ್ತಂಬರಿ, ನಿಂಬೆರಸ. "ಉಪ್ಪು ಯಾವುದಮ್ಮಾ?" ಎಂದು ಕೇಳಿದೆ. ಬಿಪಿಗೆ ಒಳ್ಳೆಯದೆಂದು ಪಕ್ಕದ ಮನೆಯವರು ಹೇಳಿದ ಕಡಿಮೆ ಸೋಡಿಯಂ ಉಪ್ಪು ಎಂದರು.

ನಾನು ಕಾಗದ ತೆಗೆದುಕೊಂಡು ಬರೆದು ತೋರಿಸಿದೆ. ನೂರು ಗ್ರಾಂ ಟೊಮೆಟೊದಲ್ಲಿ ಪೊಟ್ಯಾಸಿಯಂ ಸುಮಾರು 240 ಮಿಲಿಗ್ರಾಂ. ಅಷ್ಟೇ ತೂಕದ ನವಿಲುಕೋಸಿನಲ್ಲಿ 350ರ ಹತ್ತಿರ. ಬೆಣ್ಣೆಹಣ್ಣಿನಲ್ಲಿ 480ಕ್ಕೂ ಮೇಲೆ. ಇನ್ನು ಆ ಉಪ್ಪಿನಲ್ಲಿ ಸೋಡಿಯಂ ಕಡಿಮೆಯಾದ ಜಾಗಕ್ಕೆ ತುಂಬಿರುವುದೇ ಪೊಟ್ಯಾಸಿಯಂ ಕ್ಲೋರೈಡ್. ಅಮ್ಮ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವರಿಗೆ ಮತ್ತೆ ವಿವರಿಸುವ ಅಗತ್ಯ ಬೀಳಲಿಲ್ಲ.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಇದು ಒಬ್ಬರ ಕಥೆಯಲ್ಲ. ವಾರಕ್ಕೆ ಒಬ್ಬರಾದರೂ ನನ್ನೆದುರು ಕುಳಿತು "ನಾನು ಟೊಮೆಟೊ ಬಿಟ್ಟಿದ್ದೇನೆ" ಎನ್ನುತ್ತಾರೆ. ಯಾತಕ್ಕೆ ಎಂದು ಕೇಳಿದರೆ "ಬಿಡಬೇಕಂತೆ" ಎನ್ನುತ್ತಾರೆ. ಆ "ಅಂತೆ" ನನಗೆ ಸಾಕಾಗಿ ಹೋಗಿದೆ. ವೈದ್ಯರು ಟೊಮೆಟೊ ಬೇಡ ಎಂದಾಗ ಆ ಇಡೀ ಹಣ್ಣಿನ ಮೇಲೆ ಅವರಿಗೆ ಸಿಟ್ಟಿರುವುದಿಲ್ಲ. ಅದರೊಳಗಿನ ಯಾವುದೋ ಒಂದು ಅಂಶ ನಿಮ್ಮ ದೇಹಕ್ಕೆ ಈಗ ಆಗಿಬರುವುದಿಲ್ಲ ಎಂದು ಅದರ ಅರ್ಥ. ಒಬ್ಬರಿಗೆ ಅದು ಹುಳಿ, ಇನ್ನೊಬ್ಬರಿಗೆ ಪೊಟ್ಯಾಸಿಯಂ, ಅಪರೂಪಕ್ಕೆ ಒಬ್ಬರಿಗೆ ಅದರ ಪ್ರೋಟೀನ್. ಯಾವ ಅಂಶವೆಂದು ತಿಳಿಯದೆ ಬದಲಿ ಹುಡುಕಿದರೆ, ಮುಂಬಾಗಿಲಿನಿಂದ ಕಳುಹಿಸಿದ್ದನ್ನು ಹಿತ್ತಿಲ ಬಾಗಿಲಿನಿಂದ ಕರೆದುಕೊಂಡ ಹಾಗಾಗುತ್ತದೆ. ಟೊಮೆಟೊ ಇಲ್ಲದ ಸಾಲ್ಸಾ ಎಂಬುದು ಒಂದೇ ಒಂದು ತಿನಿಸಲ್ಲ. ಎದೆಯುರಿಯವರದು ಬೇರೆ, ಮೂತ್ರಪಿಂಡದವರದು ಬೇರೆ. ದಯವಿಟ್ಟು ಒಬ್ಬರ ಬಟ್ಟಲನ್ನು ಇನ್ನೊಬ್ಬರಿಗೆ ದಾಟಿಸಬೇಡಿ.

ಎದೆಯುರಿಯವರ ವಿಷಯಕ್ಕೆ ಬರುತ್ತೇನೆ, ನನ್ನ ಬಳಿ ಬರುವವರಲ್ಲಿ ಅವರ ಸಂಖ್ಯೆಯೇ ಹೆಚ್ಚು. ಸಾಫ್ಟ್‌ವೇರ್ ಕೆಲಸದ ಹುಡುಗನೊಬ್ಬ, ರಾತ್ರಿ ಹನ್ನೊಂದಕ್ಕೆ ಊಟ, ಹನ್ನೊಂದೂವರೆಗೆ ಹಾಸಿಗೆ. ಟೊಮೆಟೊ ತಿಂದರೆ ಎದೆ ಉರಿಯುತ್ತದೆಂದು ಅದನ್ನು ಬಿಟ್ಟು, ಚಿಪ್ಸ್‌ಗೆ ಸೌತೆಕಾಯಿಯ ಸಾಲ್ಸಾ ಮಾಡಿಕೊಳ್ಳತೊಡಗಿದ. ರುಚಿ ಸಪ್ಪೆಯೆನಿಸಿತು, ಎರಡು ನಿಂಬೆಹಣ್ಣು ಹಿಂಡಿದ. ತಂಪಾಗಿರಲಿ ಎಂದು ಪುದೀನ ಹಾಕಿದ. ಹಸಿ ಈರುಳ್ಳಿ ಧಾರಾಳವಾಗಿ ಬಿತ್ತು. ಉರಿ ಇನ್ನೂ ಜೋರಾಯಿತು.

ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾಪಕವಿದೆ. ಅಂಕಿ ಇಳಿದಷ್ಟೂ ಹುಳಿ ಹೆಚ್ಚು, ಒಂದೊಂದು ಅಂಕಿ ಇಳಿದಾಗಲೂ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ. ಟೊಮೆಟೊದ ಪಿಎಚ್ ಸಾಮಾನ್ಯವಾಗಿ 4.3ರಿಂದ 4.9. ನಿಂಬೆರಸದ್ದು 2ರಿಂದ 3ರ ನಡುವೆ. ಎಂದರೆ ನಿಂಬೆರಸ ಟೊಮೆಟೊಗಿಂತ ಸುಮಾರು ನೂರು ಪಟ್ಟು ಆಮ್ಲೀಯ. ಬಳಸುವ ಪ್ರಮಾಣ ಚಿಕ್ಕದು ಎನ್ನುವುದು ಸರಿ, ಒಂದೆರಡು ಹನಿ ಬಿದ್ದರೆ ಎಲ್ಲರಿಗೂ ತೊಂದರೆಯಾಗುತ್ತದೆಂದು ನಾನು ಹೇಳುವುದಿಲ್ಲ. ಆದರೆ ಟೊಮೆಟೊವನ್ನು ಹುಳಿಗಾಗಿಯೇ ಬಿಟ್ಟವರು ಎರಡು ಹಣ್ಣಿನ ರಸ ಹಿಂಡುವುದಕ್ಕೆ ಅರ್ಥವಿಲ್ಲ. ಮಾವಿನಕಾಯಿ, ಅನಾನಸ್, ಹುಣಸೆ, ವಿನೆಗರ್ ಇವುಗಳಿಗೂ ಇದೇ ಮಾತು. ಹಸಿ ಈರುಳ್ಳಿ ಹಲವರಲ್ಲಿ ಹುಳಿತೇಗನ್ನು ಹೆಚ್ಚಿಸುತ್ತದೆ. ಪುದೀನ ಬಾಯಿಗೆ ತಂಪೆನಿಸಿದರೂ, ಕೆಲವರಲ್ಲಿ ಅನ್ನನಾಳದ ಕೆಳತುದಿಯ ಬಿಗಿಯನ್ನು ಸಡಿಲಿಸಿ ಆಮ್ಲ ಮೇಲೇರಲು ದಾರಿ ಮಾಡಿಕೊಡಬಹುದು. ಯಾರಿಗೆ ಯಾವುದು ಕೆಣಕುತ್ತದೆ ಎಂಬುದು ಮಾತ್ರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಆದ್ದರಿಂದ ಎರಡು ವಾರ ತಿಂದದ್ದನ್ನೂ ಉರಿದದ್ದನ್ನೂ ಬರೆದಿಡಿ ಎಂದು ನಾನು ಕೇಳುತ್ತೇನೆ. ಆ ಹುಡುಗ ಬರೆದ. ಅವನ ಊಟದ ಹೊತ್ತನ್ನು ಮಲಗುವುದಕ್ಕೆ ಮೂರು ಗಂಟೆ ಮುಂಚೆ ತಂದಿದ್ದೇ ಅರ್ಧ ಔಷಧವಾಯಿತು. ನುಂಗಲು ಕಷ್ಟವಾದರೆ, ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾದರೆ ಪಥ್ಯ ನೋಡುತ್ತ ಕೂರಬೇಡಿ, ವೈದ್ಯರ ಬಳಿ ಹೋಗಿ.

ಮೂತ್ರಪಿಂಡದ ಕಲ್ಲಿನವರದು ಇನ್ನೊಂದು ಗುಂಪು. ಟೊಮೆಟೊ ಬೀಜವೇ ಕಲ್ಲಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಬೀಜವನ್ನು ಚಮಚದಿಂದ ಕೆರೆದು ತೆಗೆಯುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೀಜ ಜೀರ್ಣಾಂಗದ ದಾರಿಯಲ್ಲಿ ಹೋಗುತ್ತದೆ, ಮೂತ್ರಪಿಂಡದ ಕಡೆ ಅದಕ್ಕೆ ದಾರಿಯೇ ಇಲ್ಲ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನವು, ಟೊಮೆಟೊದಲ್ಲಿ ಆಕ್ಸಲೇಟ್ ಕಡಿಮೆ. ಪಾಲಕ್ ಸೊಪ್ಪಿನಲ್ಲಿ ವಿಪರೀತ, ಬೀಟ್‌ರೂಟ್‌ನಲ್ಲೂ ಹೆಚ್ಚು. ಟೊಮೆಟೊ ಬಿಟ್ಟು ಕೆಂಪು ಬಣ್ಣಕ್ಕೆಂದು ಸಾಲ್ಸಾಕ್ಕೆ ಹಸಿ ಬೀಟ್‌ರೂಟ್ ತುರಿದು ಹಾಕಿಕೊಳ್ಳುವ ಕಲ್ಲಿನ ರೋಗಿಗಳಿಗೆ ನಾನು ಹೇಳುವುದಿಷ್ಟೇ: ಟೊಮೆಟೊ ಹಾಕಿಕೊಳ್ಳಿ, ನೀರು ಚೆನ್ನಾಗಿ ಕುಡಿಯಿರಿ.

ಟೊಮೆಟೊ ಅಲರ್ಜಿ ಇರುವವರಿಗೆ ಒಂದು ಎಚ್ಚರಿಕೆ. ಅಂಗಡಿಯ ಹಸಿರು ಸಾಲ್ಸಾ ನೋಡಿ ನಿರಾಳರಾಗಬೇಡಿ. ಅದು ಟೊಮಾಟಿಯೊ ಎಂಬ, ಕಾಗದದಂಥ ಸಿಪ್ಪೆಯೊಳಗೆ ಬೆಳೆಯುವ ಕಾಯಿಯದು. ಅದೂ ಟೊಮೆಟೊ, ಬದನೆ, ಮೆಣಸಿನಕಾಯಿಗಳ ಕುಟುಂಬದ್ದೇ. ಒಂದು ಆಗದವರಿಗೆ ಎಲ್ಲವೂ ಆಗುವುದಿಲ್ಲವೆಂದೇನಿಲ್ಲ, ಆದರೆ ಅಲರ್ಜಿ ತಜ್ಞರನ್ನು ಕೇಳದೆ ಮನೆಯಲ್ಲಿ ಪರೀಕ್ಷೆ ಮಾಡಬೇಡಿ.

ಟೊಮೆಟೊ ಇಲ್ಲದಿದ್ದರೆ ಅದು ಸಾಲ್ಸಾವೇ ಅಲ್ಲ ಎಂದು ಕೊರಗುವವರೂ ಇದ್ದಾರೆ. ಸ್ಪ್ಯಾನಿಷ್‌ನಲ್ಲಿ ಸಾಲ್ಸಾ ಎಂದರೆ ಸಾಸ್, ಅಷ್ಟೇ. ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿಗಳನ್ನು ಹಸಿಯಾಗಿ ಹೆಚ್ಚಿ ಕಲಸಿದ್ದಕ್ಕೆ ಪಿಕೊ ದೆ ಗಾಯೊ, ಅಂದರೆ ಹುಂಜದ ಕೊಕ್ಕು, ಎಂಬ ಹೆಸರಿದೆ. ಆದರೆ ಮೆಕ್ಸಿಕೊದ ಹಲಿಸ್ಕೊ ರಾಜ್ಯದಲ್ಲಿ ಅದೇ ಹೆಸರು ಹೇಳಿ ಕೇಳಿದರೆ ಹೀಕಮಾ ಎಂಬ ರಸಭರಿತ ಗೆಡ್ಡೆ, ಸೌತೆಕಾಯಿ, ಕಿತ್ತಳೆ ಹೋಳುಗಳ ಮೇಲೆ ಮೆಣಸಿನಪುಡಿ ಉದುರಿಸಿ ಕೊಡುತ್ತಾರೆ. ಯುಕಟಾನ್‌ನಲ್ಲಿ ಮೂಲಂಗಿಯನ್ನು ಸಣ್ಣಗೆ ಹೆಚ್ಚಿ ಕೊತ್ತಂಬರಿ ಸೇರಿಸಿ ಹುಳಿ ಕಿತ್ತಳೆಯ ರಸದಲ್ಲಿ ಕಲಸುವುದುಂಟು. ಟೊಮೆಟೊ ಬೆಳೆಯಾಗಿ ಬೇರೂರಿದ ನಾಡಿನವರೇ ಅದಿಲ್ಲದೆ ಇಷ್ಟು ಮಾಡಿಕೊಂಡಿದ್ದಾರೆ. ನಮ್ಮ ಕೋಸಂಬರಿಗೂ ಅದು ಬೇಕಿಲ್ಲ, ಶ್ರಾದ್ಧದ ಅಡುಗೆಯಲ್ಲಿ ಇವತ್ತಿಗೂ ಎಷ್ಟೋ ಮನೆಗಳು ಟೊಮೆಟೊ ಮುಟ್ಟುವುದಿಲ್ಲ.

ನಾನು ಕಲಿಸುವ ಸಾಲ್ಸಾಕ್ಕೆ ಸೀಮೆಬದನೆಕಾಯಿ ಬೇಕು. ಇದರ ಮೇಲೆ ನನಗೆ ವಿಶೇಷ ಅಕ್ಕರೆ. ಹುಟ್ಟಿದ್ದು ಮೆಕ್ಸಿಕೊದ ಕಡೆಯೇ, ಪರದೇಶದಿಂದ ಬಂದದ್ದೆಂದು ಹೆಸರಿನಲ್ಲಿರುವ "ಸೀಮೆ"ಯೇ ಹೇಳುತ್ತದೆ. ನಮ್ಮ ತೋಟಗಳಿಗೆ ಅದು ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ಬೆಂಗಳೂರು ಕತ್ತರಿಕ್ಕಾಯ್ ಎಂದು ಕರೆಯುತ್ತಾರೆ. ಹುಳಿಗೆ, ಪಲ್ಯಕ್ಕೆ ಬೇಯಿಸಿ ಗೊತ್ತಿರುವ ನಮಗೆ ಅದನ್ನು ಹಸಿಯಾಗಿ ತಿನ್ನಬಹುದೆಂಬ ಯೋಚನೆ ಬರುವುದು ಕಡಿಮೆ. ಎಳೆಯದಾಗಿದ್ದರೆ ಹಸಿಯಾಗಿಯೂ ಬಹಳ ಚೆನ್ನ. ನೂರು ಗ್ರಾಂನಲ್ಲಿ ಪೊಟ್ಯಾಸಿಯಂ ಸುಮಾರು 125 ಮಿಲಿಗ್ರಾಂ, ಹುಳಿ ಇಲ್ಲವೇ ಇಲ್ಲವೆನ್ನುವಷ್ಟು.

ಉಗುರು ಒತ್ತಿದರೆ ಸುಲಭವಾಗಿ ಇಳಿಯುವಂಥ, ತಿಳಿಹಸಿರು ಕಾಯಿ ಆರಿಸಿ. ತುದಿ ಕತ್ತರಿಸಿ, ಸೌತೆಕಾಯಿಗೆ ಮಾಡುವಂತೆ ಆ ತುಂಡಿನಿಂದಲೇ ಉಜ್ಜಿದರೆ ಬಿಳಿ ನೊರೆ ಬರುತ್ತದೆ. ತೊಳೆದು ಸಿಪ್ಪೆ ತೆಗೆಯಿರಿ. ಇದರ ಅಂಟು ಬೆರಳಿಗೆ ಮೆತ್ತಿ, ಒಣಗಿದ ಮೇಲೆ ಚರ್ಮ ಬಿಗಿದಂತೆ ಆಗುತ್ತದೆ, ಆಮೇಲೆ ತೆಳುವಾದ ಪೊರೆಯಾಗಿ ಏಳುತ್ತದೆ. ಹೆದರಬೇಡಿ, ಹರಿಯುವ ನೀರಿನಡಿ ಹೆರೆದರೆ ಅಷ್ಟು ಹಿಡಿಯುವುದಿಲ್ಲ. ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಒಂದು ಬಟ್ಟಲು ಹೋಳಿಗೆ ಕಾಲು ಚಮಚದಷ್ಟು ಮಾಮೂಲಿ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ತಳದಲ್ಲಿ ನೀರು ನಿಲ್ಲುತ್ತದೆ. ಅದನ್ನು ಚೆಲ್ಲಬೇಡಿ. ಟೊಮೆಟೊ ಸಾಲ್ಸಾಕ್ಕೆ ಕೊಡುತ್ತಿದ್ದದ್ದು ಹುಳಿ ಒಂದೇ ಅಲ್ಲ, ಎಲ್ಲ ಹೋಳುಗಳನ್ನೂ ಹಿಡಿದಿಡುವ ರಸವನ್ನೂ ಕೊಡುತ್ತಿತ್ತು. ಆ ಕೆಲಸವನ್ನು ಈಗ ಈ ನೀರು ಮಾಡಬೇಕು.

ಇದಕ್ಕೆ ಅರ್ಧ ಬಟ್ಟಲು ಎಳೆ ಸೌತೆಕಾಯಿ, ಬೀಜ ತೆಗೆದ ಅರ್ಧ ಹಸಿಮೆಣಸು, ಒಂದು ಹಿಡಿ ಕೊತ್ತಂಬರಿ ಸೇರಿಸಿ. ಈರುಳ್ಳಿ ಒಂದು ದೊಡ್ಡ ಚಮಚ ಸಾಕು, ಹೆಚ್ಚಿ ನೀರಿನಲ್ಲಿ ಹತ್ತು ನಿಮಿಷ ನೆನೆಸಿ ಹಿಂಡಿ. ಎದೆಯುರಿಯವರಿಗೆ ಈರುಳ್ಳಿಯನ್ನು ಕೆಂಡದ ಮೇಲೋ ಗ್ಯಾಸ್ ಉರಿಯಲ್ಲೋ ಸುಟ್ಟು ಹಾಕಿ, ಆಗದಿದ್ದರೆ ಬಿಟ್ಟೇಬಿಡಿ. ಬಡಿಸುವ ಹೊತ್ತಿಗೆ ಒಂದು ಬಟ್ಟಲು ಕಲ್ಲಂಗಡಿ ಹೋಳು, ಕೆಂಪಿನ ಜೊತೆ ಸ್ವಲ್ಪ ಬಿಳಿ ಭಾಗವೂ ಇರಲಿ, ಕಲಸಿ. ಬಣ್ಣ ಬೇಕೆಂದವರಿಗೆ ಇದಕ್ಕಿಂತ ಒಳ್ಳೆಯ ಕೆಂಪು ಇಲ್ಲ, ಹುಳಿಯೂ ಕಡಿಮೆ, ಪೊಟ್ಯಾಸಿಯಂ ನೂರು ಗ್ರಾಂಗೆ 110ರ ಸುಮಾರು. ಮೂತ್ರಪಿಂಡದವರು ಮೇಲೆ ಅರ್ಧ ಚಮಚ ನಿಂಬೆರಸ ಹಿಂಡಿಕೊಳ್ಳಬಹುದು. ಎದೆಯುರಿಯವರು ಅದರ ಬದಲು ಹುರಿದ ಜೀರಿಗೆ ಪುಡಿ, ನಾಲ್ಕು ಹುರಿದ ಕುಂಬಳಬೀಜ ಹಾಕಿಕೊಂಡರೆ ನಾಲಿಗೆಗೆ ಕೊರತೆ ಎನಿಸುವುದಿಲ್ಲ. ಆ ಬೀಜ ಮೂತ್ರಪಿಂಡದವರಿಗೆ ಬೇಡ, ಅದರಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಹೆಚ್ಚು. ಮಿಕ್ಸಿಗೆ ಹಾಕಬೇಡಿ, ನೀರಾಗುತ್ತದೆ. ಚಿಪ್ಸ್‌ನ ಉಪ್ಪು ಬೇಡದವರಿಗೆ ಖಡಕ್ ಜೋಳದ ರೊಟ್ಟಿಯ ಚೂರು ಇದೆ.

ಪೊಟ್ಯಾಸಿಯಂ ಕಡಿಮೆಯಿರುವುದನ್ನೇ ಮೂರು ಬಟ್ಟಲು ತಿಂದರೆ ಅದು ಕಡಿಮೆಯಾಗಿ ಉಳಿಯುವುದಿಲ್ಲ ಎಂಬುದೂ ನೆನಪಿರಲಿ. ಡಯಾಲಿಸಿಸ್‌ನಲ್ಲಿರುವವರು ಕಲ್ಲಂಗಡಿಯ ನೀರನ್ನೂ ದಿನದ ನೀರಿನ ಲೆಕ್ಕಕ್ಕೆ ಸೇರಿಸಬೇಕು, ಸಕ್ಕರೆ ಕಾಯಿಲೆಯವರು ಹಣ್ಣನ್ನು ಅರ್ಧಕ್ಕಿಳಿಸಬೇಕು. ನಿಮ್ಮ ಪ್ರಮಾಣವನ್ನು ನಿಮ್ಮ ರಕ್ತಪರೀಕ್ಷೆ ನೋಡಿದವರೇ ನಿರ್ಧರಿಸಲಿ, ನನ್ನ ಅಂಕಣ ಅಲ್ಲ. ಪೊಟ್ಯಾಸಿಯಂ ಏರದೇ ಇರುವ ಮೂತ್ರಪಿಂಡ ರೋಗಿಗಳಿಗೆ ಟೊಮೆಟೊ ಬಿಡುವ ಅಗತ್ಯವೇ ಇರದಿರಬಹುದು.

ಇನ್ನೊಂದು ಮಾತು ಕಡ್ಡಾಯವಾಗಿ ಹೇಳಬೇಕು. ಇದನ್ನು ಬಾಟಲಿಗೆ ತುಂಬಿ ಹಾಸ್ಟೆಲ್‌ನ ಮಕ್ಕಳಿಗೆ ಕಳುಹಿಸಬೇಡಿ. ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟಿಸುವ ಬ್ಯಾಕ್ಟೀರಿಯಾವನ್ನು ತಡೆಯಲು ಪಿಎಚ್ 4.6ರ ಒಳಗಿರಬೇಕು. ಟೊಮೆಟೊವೇ ಆ ಗೆರೆಯ ಮೇಲೆ ನಿಂತಿದೆ, ಹಾಗಾಗಿ ಅದನ್ನು ಬಾಟಲಿಗೆ ತುಂಬುವವರು ಹೆಚ್ಚುವರಿ ಹುಳಿ ಸೇರಿಸುತ್ತಾರೆ. ಸೀಮೆಬದನೆ, ಸೌತೆ, ಕಲ್ಲಂಗಡಿಗಳು ಗೆರೆಯಿಂದ ಬಹಳ ಆಚೆ. ಮಾಡಿದ ದಿನವೇ ತಿನ್ನಿ, ಊಟದ ಹೊತ್ತಿನ ತನಕ ಫ್ರಿಜ್‌ನಲ್ಲಿಡಿ, ಹೆಚ್ಚುವ ಮುಂಚೆ ಕಲ್ಲಂಗಡಿಯ ಹೊರಸಿಪ್ಪೆಯನ್ನೂ ತೊಳೆಯಿರಿ.

ಆ ಅಮ್ಮ ಉಪ್ಪು ಬದಲಿಸಿದರು, ಬೆಣ್ಣೆಹಣ್ಣು ಬಿಟ್ಟರು, ವೈದ್ಯರ ಔಷಧವನ್ನು ತಪ್ಪದೆ ತೆಗೆದುಕೊಂಡರು. ಮುಂದಿನ ಭೇಟಿಯಲ್ಲಿ ಪರೀಕ್ಷೆಯ ಕಾಗದ ಕೊಡುವ ಮುಂಚೆಯೇ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದರು. ಟೆಕ್ಸಾಸ್‌ನ ಮಗಳು ಮೆಕ್ಸಿಕನ್ ದಿನಸಿ ಅಂಗಡಿಯಿಂದ ಕಳುಹಿಸಿದ್ದು: ತರಕಾರಿಯ ರಾಶಿ, ಮೇಲೆ ಚಯೋಟೆ ಎಂಬ ಹಲಗೆ. ಇದೇನಾ ನೀನು ಹೇಳಿದ್ದು ಎಂದು ಮಗಳು ಕೇಳಿದ್ದಳಂತೆ. "ಅದೇ ಕಣೇ, ನಮ್ಮ ಸೀಮೆಬದನೆಕಾಯಿ. ಎಳೆಯದನ್ನು ನೋಡಿ ತಗೋ ಎಂದೆ ಮೇಡಂ" ಎನ್ನುತ್ತ ಕಾಗದವನ್ನು ನನ್ನ ಕೈಗಿತ್ತರು. ಪೊಟ್ಯಾಸಿಯಂ 4.9 ಇತ್ತು.