ಕಟ್ಟೆಯ ತುಳಸಿ, ಕಲ್ಬತ್ತಿನ ತುಳಸಿ

ನೆಗಡಿ, ಕೆಮ್ಮು ಎಂದು ಚಿಕಿತ್ಸಾಲಯಕ್ಕೆ ಬರುವವರಲ್ಲಿ ಬಹಳಷ್ಟು ಮಂದಿ ಅಷ್ಟರಲ್ಲಾಗಲೇ ತುಳಸಿಯ ಕಷಾಯವನ್ನು ಕುಡಿದೇ ಬಂದಿರುತ್ತಾರೆ. ಎಷ್ಟು ಎಲೆ ಹಾಕಿದಿರಿ, ದಿನಕ್ಕೆ ಎಷ್ಟು ಸಲ ಕುಡಿದಿರಿ, ಎಷ್ಟು ದಿನದಿಂದ ಕುಡಿಯುತ್ತಿದ್ದೀರಿ ಎಂದು ಕೇಳಿದರೆ ಅವರಿಗೆ ಸೋಜಿಗವಾಗುತ್ತದೆ. "ತುಳಸಿ ತಾನೇ ಡಾಕ್ಟ್ರೇ, ಅದಕ್ಕೆಂಥ ಲೆಕ್ಕ?" ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅಮೃತಬಳ್ಳಿಯ ಪ್ರಮಾಣವನ್ನು ಎರಡೆರಡು ಸಲ ಕೇಳಿ ತಿಳಿದುಕೊಳ್ಳುವವರೂ ತುಳಸಿಯನ್ನು ಲೆಕ್ಕದಿಂದ ಹೊರಗಿಡುತ್ತಾರೆ. ಪೂಜೆಗೊಳ್ಳುವ ಗಿಡ ಕೆಡುಕು ಮಾಡಲಾರದು ಎಂಬ ನಂಬಿಕೆ ಇದರ ಹಿಂದಿದೆ. ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಆದರೆ ಆಯುರ್ವೇದದ ಗ್ರಂಥಕಾರರು ತುಳಸಿಗೆ ಈ ವಿನಾಯಿತಿಯನ್ನು ಕೊಟ್ಟಿಲ್ಲ. ಅದರ ಗುಣವನ್ನು ಹೇಳಿದ ಶ್ಲೋಕದಲ್ಲೇ ದೋಷವನ್ನೂ ಹೇಳಿದ್ದಾರೆ.

ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ತುಳಸಿಯು ಸುರಸ ಅಥವಾ ಸುರಸಾ ಎಂಬ ಹೆಸರಿನಲ್ಲಿ ಬರುತ್ತದೆ. ಚರಕ ಸಂಹಿತೆಯ ಸೂತ್ರಸ್ಥಾನ ಎಂಬ ಭಾಗದ 4ನೆಯ ಅಧ್ಯಾಯವು ಉಬ್ಬಸವನ್ನು ಶಮನಗೊಳಿಸುವ 10 ದ್ರವ್ಯಗಳನ್ನು ಹೆಸರಿಸುವಾಗ ಪುಷ್ಕರಮೂಲ, ಏಲಕ್ಕಿ, ಇಂಗುಗಳ ಸಾಲಿನಲ್ಲಿ ಇದನ್ನೂ ಸೇರಿಸುತ್ತದೆ. ಅದೇ ಸ್ಥಾನದ 27ನೆಯ ಅಧ್ಯಾಯದಲ್ಲಿ, ಹಸಿರು ಸೊಪ್ಪುಗಳ ಗುಣವನ್ನು ವಿವರಿಸುವ ಕಡೆ, ಸುರಸವು ಬಿಕ್ಕಳಿಕೆ, ಕೆಮ್ಮು, ವಿಷ, ಉಬ್ಬಸ ಮತ್ತು ಪಕ್ಕೆನೋವನ್ನು ಕಳೆಯುತ್ತದೆ, ದುರ್ಗಂಧವನ್ನು ನೀಗುತ್ತದೆ, ಕಫವಾತಗಳನ್ನು ತಗ್ಗಿಸುತ್ತದೆ ಮತ್ತು ಪಿತ್ತವನ್ನು ಉಂಟುಮಾಡುತ್ತದೆ ಎಂದಿದೆ. ಸುಶ್ರುತರು ಸುರಸಾದಿ ಗಣ ಎಂಬ ಗುಂಪನ್ನೇ ಮಾಡಿ, ಅದು ಕಫವನ್ನೂ ಕ್ರಿಮಿಗಳನ್ನೂ ನಾಶಮಾಡುತ್ತದೆ, ನೆಗಡಿ, ಅರುಚಿ, ಉಬ್ಬಸ, ಕೆಮ್ಮುಗಳಿಗೆ ಆಗಿಬರುತ್ತದೆ, ಗಾಯವನ್ನು ಶುದ್ಧಿಮಾಡುತ್ತದೆ ಎಂದು ಹೇಳಿದ್ದಾರೆ. 16ನೆಯ ಶತಮಾನದ ಭಾವಪ್ರಕಾಶದ ಹೊತ್ತಿಗೆ ತುಳಸಿ ಎಂಬ ಹೆಸರೇ ಮುಂದೆ ಬಂದಿದೆ. ಅಲ್ಲಿ ಭಾವಮಿಶ್ರರು ಅದನ್ನು ಖಾರ ಮತ್ತು ಕಹಿ ರುಚಿಯದು, ಉಷ್ಣವಾದುದು, ಹೃದಯಕ್ಕೆ ಹಿತವಾದುದು, ಜಠರಾಗ್ನಿಯನ್ನು ಪ್ರಚೋದಿಸುವಂಥದ್ದು ಎಂದು ಹೊಗಳಿ, ಜೊತೆಯಲ್ಲೇ ದಾಹವನ್ನೂ (ಅಂದರೆ ಮೈಯ ಉರಿಯನ್ನೂ) ಪಿತ್ತವನ್ನೂ ಹೆಚ್ಚಿಸುವಂಥದ್ದು ಎಂದು ಸೇರಿಸುತ್ತಾರೆ. ಬಿಳಿ ತುಳಸಿ ಮತ್ತು ಕಪ್ಪು ತುಳಸಿ ಎರಡೂ ಗುಣದಲ್ಲಿ ಸಮ ಎಂಬುದೂ ಅವರದೇ ಮಾತು. ಹಾಗಾಗಿ ಮನೆಯಲ್ಲಿರುವುದು ಹಸಿರೆಲೆಯ ತುಳಸಿ ಮಾತ್ರ, ಕೃಷ್ಣ ತುಳಸಿ ಸಿಗುತ್ತಿಲ್ಲ ಎಂದು ಪರದಾಡುವವರು ಸಮಾಧಾನದಿಂದಿರಬಹುದು.

ಈ ವಿವರಣೆಯಿಂದ ರೋಗಿಗೆ ಆಗುವ ಪ್ರಯೋಜನವೇನೆಂದರೆ, ಯಾವ ಕೆಮ್ಮಿಗೆ ತುಳಸಿ ಬೇಕು, ಯಾವುದಕ್ಕೆ ಬೇಡ ಎಂಬುದು ಸ್ಪಷ್ಟವಾಗುತ್ತದೆ. ಎದೆಯಲ್ಲಿ ಗೊರಗೊರ ಸದ್ದಿದ್ದು, ಬಿಳಿಯ ಅಂಟಂಟು ಕಫ ಬರುತ್ತಿದ್ದು, ಬೆಳಗಿನ ಚಳಿಗೆ ಕೆಮ್ಮು ಹೆಚ್ಚಾಗಿ, ಬಾಯಿ ರುಚಿ ಕೆಟ್ಟು, ಮೈಯೆಲ್ಲ ಭಾರವಾಗಿದ್ದರೆ ತುಳಸಿಗಿಂತ ಸುಲಭವಾದ ಮನೆಮದ್ದು ಇಲ್ಲ. ಅದರ ಲಘುತ್ವ (ಹಗುರ ಗುಣ) ಮತ್ತು ರೂಕ್ಷತೆ (ಒಣಗಿಸುವ ಗುಣ) ಕಫದ ಜಿಗುಟನ್ನು ಕಡಿಮೆ ಮಾಡುತ್ತವೆ, ಉಷ್ಣತೆ ಅದನ್ನು ಕರಗಿಸಿ ಹೊರಗೆ ತರುತ್ತದೆ. ಗಂಟಲು ಒಣಗಿ ಉರಿಯುತ್ತಿದ್ದು, ಕಫವೇ ಇಲ್ಲದೆ ಕೆಮ್ಮಿ ಕೆಮ್ಮಿ ಸುಸ್ತಾಗಿ, ಕಣ್ಣು ಉರಿ, ಹುಳಿತೇಗು ಜೊತೆಗಿದ್ದರೆ ಅದೇ ಕಷಾಯ ತೊಂದರೆಯನ್ನು ಹೆಚ್ಚಿಸುತ್ತದೆ. ಅಂಥವರಿಗೆ ನಾನು ಜ್ಯೇಷ್ಠಮಧುವಿನ ಕಡೆಗೆ ತಿರುಗುತ್ತೇನೆ. ಜ್ವರದಲ್ಲೂ ಹೀಗೆಯೇ. ಚಳಿಯಿಂದ ಆರಂಭವಾಗುವ ಜ್ವರಕ್ಕೆ ತುಳಸಿಯ ರಸವನ್ನು ಕಾಳುಮೆಣಸಿನ ಪುಡಿಯೊಂದಿಗೆ ಕೊಡುವುದನ್ನು ಶಾರ್ಙ್ಗಧರ ಸಂಹಿತೆ ವಿಷಮಜ್ವರದ, ಅಂದರೆ ಬಿಟ್ಟು ಬಿಟ್ಟು ಬರುವ ಜ್ವರದ, ಪ್ರಸಂಗದಲ್ಲಿ ಹೇಳಿದೆ. ಆದರೆ ಮೈ ಸುಡುತ್ತಾ, ಬಾಯಾರಿಕೆ ಅತಿಯಾಗಿ, ಮೂಗಿನಲ್ಲೋ ವಸಡಿನಲ್ಲೋ ರಕ್ತ ಕಾಣಿಸುವ ಜ್ವರದಲ್ಲಿ ಕಷಾಯ ಕುದಿಸುತ್ತಾ ಕೂರದೆ ಆಸ್ಪತ್ರೆಗೆ ಹೋಗಬೇಕು. ಡೆಂಗಿಯ ಕಾಲದಲ್ಲಿ ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು.

ಇನ್ನು ತಯಾರಿಕೆಯ ವಿಷಯ. ತುಳಸಿಯ ಶಕ್ತಿಯ ದೊಡ್ಡ ಪಾಲು ಅದರ ಪರಿಮಳದಲ್ಲಿ, ಅಂದರೆ ಆವಿಯಾಗಿ ಹೋಗುವ ತೈಲದಲ್ಲಿದೆ. ಎಲೆಗಳನ್ನು ತೆರೆದ ಪಾತ್ರೆಯಲ್ಲಿ ಅರ್ಧ ಗಂಟೆ ಕುದಿಸಿ ನೀರನ್ನು ಕಾಲುಭಾಗಕ್ಕೆ ಇಳಿಸಿದರೆ ಮನೆಯೆಲ್ಲ ಘಮಘಮಿಸುತ್ತದೆ. ಆ ಘಮಲಿನಷ್ಟೂ ಲೋಟದಿಂದ ಹೋದದ್ದೇ. ಬೇರು, ಚಕ್ಕೆ, ಒಣಶುಂಠಿಯಂಥ ಗಟ್ಟಿ ದ್ರವ್ಯಗಳಿಗೆ ಕುದಿಸುವ ಕ್ರಮ ಸರಿ. ಎಲೆಗೆ ಫಾಂಟವೇ ಉತ್ತಮ: ಕುದಿದ ನೀರನ್ನು ಒಲೆಯಿಂದ ಇಳಿಸಿ, ಜಜ್ಜಿದ ಎಲೆಯ ಮೇಲೆ ಸುರಿದು, ತಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು ಸೋಸಿಕೊಳ್ಳಬೇಕು. ಬೇರೆ ಗಟ್ಟಿ ದ್ರವ್ಯಗಳೂ ಇದ್ದರೆ ಅವನ್ನು ಮೊದಲು ಕುದಿಸಿ, ತುಳಸಿಯನ್ನು ಕೊನೆಯಲ್ಲಿ ಹಾಕಿ ಮುಚ್ಚಬೇಕು.

ಸ್ವರಸ, ಅಂದರೆ ಹಸಿ ಎಲೆಯ ರಸ, ಇನ್ನೂ ತೀಕ್ಷ್ಣ. ತೊಳೆದ ಎಲೆಯ ಮೇಲಿನ ನೀರನ್ನು ಬಟ್ಟೆಯಿಂದ ಒತ್ತಿ ತೆಗೆದು, ಕಲ್ಬತ್ತಿನಲ್ಲಿ ನೀರು ಸೇರಿಸದೆ ಕುಟ್ಟಿ, ತೆಳುಬಟ್ಟೆಯಲ್ಲಿ ಹಿಂಡಬೇಕು. ಒಂದು ದೊಡ್ಡ ಹಿಡಿ ಎಲೆಯಿಂದ ಒಂದೆರಡು ಚಮಚ ರಸ ಬಂದರೆ ಹೆಚ್ಚು. ಮೊದಲು ದಟ್ಟ ಹಸಿರಾಗಿರುವ ರಸ ನೋಡುತ್ತಿದ್ದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ಹಿಂಡಿ ಫ್ರಿಜ್ಜಿನಲ್ಲಿಟ್ಟು ಸಂಜೆಯವರೆಗೆ ಬಳಸುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ವಯಸ್ಕರಿಗೆ ದಿನಕ್ಕೆ 10ರಿಂದ 20 ಮಿಲಿಲೀಟರ್ ಎಂಬುದು ದ್ರವ್ಯಗುಣದ ಪಠ್ಯಗಳು ಹೇಳುವ ಪ್ರಮಾಣ. ನಾನು ಸಾಮಾನ್ಯವಾಗಿ ಅದರ ಕೆಳಗಿನ ಮಿತಿಯಲ್ಲೇ, ಎರಡು ಪಾಲು ಮಾಡಿ, ಜೇನಿನೊಂದಿಗೆ, ಐದರಿಂದ ಏಳು ದಿನಗಳವರೆಗೆ ಮಾತ್ರ ಕೊಡುತ್ತೇನೆ. ಜೇನನ್ನು ಬಿಸಿ ಕಷಾಯಕ್ಕೆ ಹಾಕಬಾರದು, ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ನೆಕ್ಕಿಸಲೇಬಾರದು. ಗಜಕರ್ಣದಂಥ ಚರ್ಮದ ತೊಂದರೆಗೆ ಇದೇ ರಸವನ್ನು ಹಚ್ಚುವುದುಂಟು. ಆದರೆ ಕಿವಿ ಸೋರುತ್ತಿರುವ ಮಗುವಿನ ಕಿವಿಗೆ ತುಳಸಿ ರಸ ಬಿಡುವುದು ಅಪಾಯ, ಏಕೆಂದರೆ ಒಳಗಿನ ತಮಟೆ ತೂತಾಗಿದೆಯೋ ಇಲ್ಲವೋ ಮನೆಯಲ್ಲಿ ತಿಳಿಯುವುದಿಲ್ಲ.

ಪ್ರಮಾಣದ ಮಾತು ಬಂದಾಗ 2020ನೆಯ ಇಸವಿಯನ್ನು ನೆನೆಯಲೇಬೇಕು. ಆ ವರ್ಷದ ಏಪ್ರಿಲ್‌ನಲ್ಲಿ ಆಯುಷ್ ಸಚಿವಾಲಯವು ಆಯುಷ್ ಕ್ವಾಥದ ಸೂತ್ರವನ್ನು ಪ್ರಕಟಿಸಿತು: ತುಳಸಿ ಎಲೆ 4 ಪಾಲು, ದಾಲ್ಚಿನ್ನಿ 2 ಪಾಲು, ಒಣಶುಂಠಿ 2 ಪಾಲು, ಕಾಳುಮೆಣಸು 1 ಪಾಲು, ಈ ಒರಟು ಪುಡಿಯ 3 ಗ್ರಾಂ ಅನ್ನು 150 ಮಿಲಿಲೀಟರ್ ಕುದಿದ ನೀರಿಗೆ ಹಾಕಿ, ದಿನಕ್ಕೆ ಒಂದು ಅಥವಾ ಎರಡು ಸಲ ಕುಡಿಯಬೇಕೆಂದು ಅದು ಹೇಳಿತ್ತು. ಲೆಕ್ಕ ಹಾಕಿದರೆ ಒಂದು ಲೋಟಕ್ಕೆ ಬೀಳುವ ಒಣ ತುಳಸಿ ಒಂದೂಕಾಲು ಗ್ರಾಂಗಿಂತ ತುಸು ಹೆಚ್ಚು, ಅಷ್ಟೇ. ಮನೆಗಳಲ್ಲಿ ನಡೆದದ್ದು ಬೇರೆ. ಮೆಣಸು ಖಾರವಾದಷ್ಟೂ ರೋಗ ದೂರ ಎಂಬಂತೆ ಹಿಡಿಗಟ್ಟಲೆ ಎಲೆ, ಚಮಚಗಟ್ಟಲೆ ಮೆಣಸು ಸೇರಿಸಿ, ಮನೆಮಂದಿಗೆಲ್ಲ ಮೂರು ಹೊತ್ತೂ ಕುಡಿಸಿದರು. ಆ ಸೂತ್ರದ ನಾಲ್ಕೂ ದ್ರವ್ಯಗಳು ಉಷ್ಣ ಎಂಬುದನ್ನು ಯಾರೂ ಗಮನಿಸಲಿಲ್ಲ. ಬೇಸಿಗೆಯ ನಡುವೆ ಬಾಯಿಹುಣ್ಣು, ಎದೆಯುರಿ, ಉರಿಮೂತ್ರ, ಮೂಲವ್ಯಾಧಿಯಲ್ಲಿ ರಕ್ತ ಎಂದು ಬಂದವರನ್ನು ವಿಚಾರಿಸಿದಾಗ ಮೂಲದಲ್ಲಿ ಕಷಾಯ ಸಿಗುತ್ತಿತ್ತು. ಆ ತೊಂದರೆಗಳನ್ನೆಲ್ಲ ವಿವರಿಸಲು, ದಾಹಪಿತ್ತಗಳನ್ನು ಹೆಚ್ಚಿಸುವಂಥದ್ದು ಎಂಬ ಭಾವಮಿಶ್ರರ ಒಂದು ಮಾತೇ ಸಾಕಿತ್ತು. ಇಂದಿಗೂ ಬೆಳಿಗ್ಗೆ ಬರಿಹೊಟ್ಟೆಗೆ ವರ್ಷವಿಡೀ ಇದನ್ನು ಕುಡಿಯುವವರು ಇದ್ದಾರೆ. ಮಳೆ ಮತ್ತು ಚಳಿಗಾಲದಲ್ಲಿ ಕಫ ಪ್ರಕೃತಿಯವರಿಗೆ ಇದು ಒಗ್ಗಬಹುದು. ಶರತ್ಕಾಲದ ಬಿಸಿಲಿನಲ್ಲಿ, ಪಿತ್ತ ತಾನಾಗಿಯೇ ಕೆರಳುವ ದಿನಗಳಲ್ಲಿ, ಪಿತ್ತ ಪ್ರಕೃತಿಯವರು ಇದನ್ನು ಕೈಬಿಡುವುದೇ ಲೇಸು.

ತುಳಸಿ ಹಾಕಿದ ಹಾಲಿನ ಬಗ್ಗೆಯೂ ಆಗಾಗ ಕೇಳುತ್ತಾರೆ. ಚರಕ ಸಂಹಿತೆಯ ವಿರುದ್ಧಾಹಾರದ ಭಾಗದಲ್ಲಿ ಮೂಲಂಗಿ, ಬೆಳ್ಳುಳ್ಳಿ, ಸುರಸ ಮುಂತಾದವನ್ನು ತಿಂದ ಮೇಲೆ ಹಾಲನ್ನು ಕುಡಿಯಬಾರದು, ಚರ್ಮರೋಗದ ಭಯವಿದೆ ಎಂಬ ಸ್ಪಷ್ಟ ನಿಷೇಧವಿದೆ. ಚಹಾಕ್ಕೆ ಎರಡು ಎಲೆ ಹಾಕಿದವರಿಗೆಲ್ಲ ಚರ್ಮರೋಗ ಬರುತ್ತದೆಂದು ಇದರರ್ಥವಲ್ಲ. ಆದರೆ ಇಸುಬು, ಸೋರಿಯಾಸಿಸ್ ಇರುವ ರೋಗಿಗಳಿಗೆ ನಾನು ಈ ಜೋಡಿಯನ್ನು ಬಿಡಿಸುತ್ತೇನೆ. ಬೇಸಿಗೆಯ ತಂಪು ಪಾನೀಯಗಳಲ್ಲಿ ನೆನೆದು ಉಬ್ಬುವ ಕಪ್ಪು ಬೀಜ ಕಾಮಕಸ್ತೂರಿಯದು, ಅದೇ ಕುಲದ ಬೇರೊಂದು ಗಿಡ. ಅದರ ತಂಪನ್ನು ನೋಡಿ ತುಳಸಿ ಎಲೆಯೂ ತಂಪು ಎಂದುಕೊಳ್ಳಬಾರದು. ಜ್ವರಕ್ಕೆ ಕೊಡುವ ತ್ರಿಭುವನಕೀರ್ತಿ ರಸದಂಥ ಔಷಧಿಯನ್ನು ತುಳಸಿ ರಸದ ಭಾವನೆಯಿಂದ, ಅಂದರೆ ಪುಡಿಯನ್ನು ಆ ರಸದಲ್ಲಿ ನೆನೆಸಿ ಅರೆದು, ಸಿದ್ಧಪಡಿಸುವುದು ನಿಜ. ಹಾಗೆಂದು ಅದು ಮನೆಮದ್ದಲ್ಲ, ಅದರಲ್ಲಿ ಶುದ್ಧೀಕರಿಸಿದ ವತ್ಸನಾಭಿ ಎಂಬ ವಿಷದ ಬೇರು ಮತ್ತು ಪಾದರಸದ ಅದಿರಾದ ಹಿಂಗುಲವಿದೆ.

ಸಸ್ಯಶಾಸ್ತ್ರಜ್ಞರು ಓಸಿಮಮ್ ಟೆನ್ಯುಫ್ಲೋರಮ್ ಎಂದು ಕರೆಯುವ ಈ ಗಿಡದ ಎಲೆಯಲ್ಲಿ ಯೂಜಿನಾಲ್, ಅರ್ಸಾಲಿಕ್ ಆಮ್ಲ, ರೋಸ್‌ಮರಿನಿಕ್ ಆಮ್ಲ ಮುಂತಾದ ಅಂಶಗಳನ್ನು ಗುರುತಿಸಲಾಗಿದೆ. ಲವಂಗದ ವಾಸನೆಗೂ ಯೂಜಿನಾಲೇ ಕಾರಣ. 2017ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು ಮನುಷ್ಯರ ಮೇಲೆ ನಡೆದ 24 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. ರಕ್ತದ ಸಕ್ಕರೆ, ರೋಗನಿರೋಧಕ ಶಕ್ತಿ, ಮಾನಸಿಕ ಒತ್ತಡದ ವಿಷಯದಲ್ಲಿ ಅನುಕೂಲಕರ ಸೂಚನೆಗಳು ಕಂಡವು. ಆದರೆ ಅವುಗಳಲ್ಲಿ ಹೆಚ್ಚಿನವು ಸಣ್ಣವು, ಅಲ್ಪಕಾಲದವು. ಇದರಿಂದ ಮಧುಮೇಹದ ಮಾತ್ರೆಯನ್ನು ಬಿಟ್ಟು ತುಳಸಿ ಹಿಡಿಯುವ ಧೈರ್ಯ ಯಾರಿಗೂ ಬರಬಾರದು. ಸಕ್ಕರೆಯನ್ನು ಇಳಿಸುವ ಗುಣ ಇರುವುದರಿಂದಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅಧಿಕ ಪ್ರಮಾಣದ ತುಳಸಿಯನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಹೆಚ್ಚಿನ ಪ್ರಮಾಣವು ವೀರ್ಯಾಣುಗಳ ಸಂಖ್ಯೆಯನ್ನು ತಗ್ಗಿಸಿದ್ದು ಕಂಡುಬಂದಿರುವುದರಿಂದ ಮಕ್ಕಳಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳಿಗೂ, ಗರ್ಭಿಣಿಯರಿಗೂ ಔಷಧಿಯ ಪ್ರಮಾಣದಲ್ಲಿ ಇದನ್ನು ನಾನು ಕೊಡುವುದಿಲ್ಲ.

ಇಷ್ಟು ಹೇಳಿದರೆ, ಹಾಗಾದರೆ ಪೂಜೆಯ ತುಳಸಿಗೆ ಚಿಕಿತ್ಸೆಯಲ್ಲಿ ಸ್ಥಾನವೇ ಇಲ್ಲವೇ ಎಂದು ಕೆಲವರು ಬೇಸರಿಸಿಕೊಳ್ಳುತ್ತಾರೆ. ಇದೆ, ಮತ್ತು ಆ ಸ್ಥಾನವನ್ನು ಚರಕರೇ ತೋರಿಸಿದ್ದಾರೆ. ಅವರು ಚಿಕಿತ್ಸೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮಂತ್ರ, ಮಣಿಧಾರಣೆ, ಹೋಮ, ನಿಯಮ, ಉಪವಾಸ, ನಮಸ್ಕಾರಗಳು ದೈವವ್ಯಪಾಶ್ರಯ. ಆಹಾರ ಮತ್ತು ಔಷಧಿಗಳ ವಿವೇಚನೆಯುಳ್ಳ ಯೋಜನೆ ಯುಕ್ತಿವ್ಯಪಾಶ್ರಯ. ಅಹಿತ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ಸೆಳೆಯುವುದು ಸತ್ತ್ವಾವಜಯ. ಈ ಮೂರರಲ್ಲೂ ಕಾಲಿಟ್ಟ ಗಿಡಗಳು ಕಡಿಮೆ, ತುಳಸಿ ಅವುಗಳಲ್ಲಿ ಮುಖ್ಯವಾದುದು. ಕೊರಳಿನ ತುಳಸಿಮಣಿ ಮತ್ತು ಬೃಂದಾವನದ ಪೂಜೆ ಮೊದಲನೆಯದಕ್ಕೆ ಸೇರುತ್ತವೆ, ಕಲ್ಬತ್ತಿನ ರಸ ಎರಡನೆಯದಕ್ಕೆ. ಬೆಳಿಗ್ಗೆ ಸ್ನಾನ ಮಾಡಿ, ಕಟ್ಟೆಗೆ ನೀರೆರೆದು, ದೀಪ ಹಚ್ಚಿ, ಪ್ರದಕ್ಷಿಣೆ ಬಂದು, ನಾಲ್ಕು ನಿಮಿಷ ಕಣ್ಮುಚ್ಚಿ ನಿಲ್ಲುವ ಅಭ್ಯಾಸ ಮೂರನೆಯದರ ಕೆಲಸವನ್ನೂ ಮಾಡುತ್ತದೆ. ನಿದ್ರೆಗೆಟ್ಟು, ಆತಂಕದಿಂದ ಬಳಲುವ ಆಸ್ತಿಕ ರೋಗಿಗಳಿಗೆ ಔಷಧಿಯೊಂದಿಗೆ ಈ ದಿನಚರಿಯನ್ನು ಮತ್ತೆ ಹಿಡಿಯಿರಿ ಎಂದು ನಾನು ಧಾರಾಳವಾಗಿ ಹೇಳುತ್ತೇನೆ. ಎದ್ದ ಕೂಡಲೇ ಮೊಬೈಲು ನೋಡುವ ಬದಲು ಅಂಗಳಕ್ಕೆ ಹೋಗುವುದರಿಂದಲೇ ಅರ್ಧ ಗುಣ ಸಿಗುತ್ತದೆಯೇನೋ ಎಂಬ ಅನುಮಾನ ನನಗಿದೆ, ಅದಿರಲಿ. ಒಂದು ಬಗೆಯ ಚಿಕಿತ್ಸೆಯ ಭರವಸೆಯನ್ನು ಇನ್ನೊಂದರ ಲೆಕ್ಕಕ್ಕೆ ಬರೆದುಕೊಳ್ಳಬಾರದು ಎಂಬುದಷ್ಟೇ ನನ್ನ ಮನವಿ. ದೇವರ ಮೇಲಿಟ್ಟ ಎಲೆ ಪವಿತ್ರ ಎಂಬ ಕಾರಣಕ್ಕೆ ಅದರ ಹಿಡಿ ರಸ ಪಿತ್ತವನ್ನು ಕೆರಳಿಸದೆ ಇರುವುದಿಲ್ಲ.

ಸಂಪ್ರದಾಯವಂತೂ ಈ ಭೇದವನ್ನು ಚೆನ್ನಾಗಿ ಅರಿತಿತ್ತು. ದ್ವಾದಶಿಯಂದು ಕೊಯ್ಯಬಾರದು, ಸಂಜೆಯಾದ ಮೇಲೆ ಕೊಯ್ಯಬಾರದು, ಉಗುರಿನಿಂದ ಚಿವುಟಬಾರದು ಎಂಬ ಕಟ್ಟಳೆಗಳು ಗಿಡವನ್ನು ಬೋಳಿಸದಂತೆ ಕಾಪಾಡಿದವು. ರುಕ್ಮಿಣಿಯ ತುಲಾಭಾರದ ಕಥೆಯಲ್ಲಿ ತಕ್ಕಡಿಯನ್ನು ಬಾಗಿಸಿದ್ದೂ ಒಂದೇ ದಳ. ಉತ್ಥಾನ ದ್ವಾದಶಿಯಂದು ತುಳಸಿಯ ಪಕ್ಕದಲ್ಲಿ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವಾಗ, ಉಷ್ಣವಾದ ಗಿಡದ ಜೊತೆಗೆ ಪಿತ್ತವನ್ನು ಶಮನಗೊಳಿಸುವ ನೆಲ್ಲಿ ನಿಂತಿರುವುದು ವೈದ್ಯನಾದ ನನ್ನ ಕಣ್ಣಿಗೆ ಬೀಳದೆ ಇರುವುದಿಲ್ಲ. ಹಬ್ಬದ ಉದ್ದೇಶವೇ ಅದೆಂದು ನಾನು ವಾದಿಸುವುದಿಲ್ಲ. ಈಚೆಗೆ ಸಂಪ್ರದಾಯದ ಬೆಂಬಲಕ್ಕೆಂದು ಹರಿದಾಡುವ ಸಂದೇಶಗಳು ಮಾತ್ರ ಬೇಸರ ತರಿಸುತ್ತವೆ. ತುಳಸಿ ರಾತ್ರಿಯೂ ಆಮ್ಲಜನಕವನ್ನು ಬಿಡುತ್ತದೆ ಎಂಬುದು ಸುಳ್ಳು, ಬೆಳಕಿಲ್ಲದೆ ಅದು ಆಮ್ಲಜನಕವನ್ನು ತಯಾರಿಸಲಾರದು. ಎಲೆಯಲ್ಲಿ ಪಾದರಸವಿದೆ, ಆದ್ದರಿಂದ ಅಗಿಯಬಾರದು ಎಂಬ ಮಾತಿಗೂ ಶಾಸ್ತ್ರದಲ್ಲಿ ಆಧಾರವಿಲ್ಲ. ಅಗಿಯದೆ ನುಂಗುವುದು ಪ್ರಸಾದದ ಮೇಲಿನ ಗೌರವದಿಂದ ಬಂದ ರೂಢಿ, ಅದಕ್ಕೆ ಪಾದರಸದ ಆಸರೆ ಬೇಕಿಲ್ಲ.

ಕೊನೆಯದಾಗಿ, ಹಿರಿಯ ರೋಗಿಗಳು ಸಂಕೋಚದಿಂದ ಕೇಳುವ ಒಂದು ಪ್ರಶ್ನೆ. ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದೇನೆ, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆಯೂ ಇದೆ, ತೀರ್ಥ ತೆಗೆದುಕೊಳ್ಳಬಹುದೇ ಎನ್ನುತ್ತಾರೆ. ತುಳಸಿಯು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಹುದು ಎಂಬ ಎಚ್ಚರಿಕೆಯಿಂದ, ಕಷಾಯ, ರಸ, ಅರ್ಕದ ಹನಿಗಳು, ಕ್ಯಾಪ್ಸೂಲ್ ಇವೆಲ್ಲವನ್ನೂ ಶಸ್ತ್ರಚಿಕಿತ್ಸೆಗೆ ಎರಡು ವಾರ ಮೊದಲೇ ನಿಲ್ಲಿಸಿ, ನಿಲ್ಲಿಸಿದ್ದನ್ನು ಶಸ್ತ್ರವೈದ್ಯರಿಗೆ ತಿಳಿಸಿ ಎಂದು ಹೇಳುತ್ತೇನೆ. ಉದ್ಧರಣೆಯ ನೀರಿನಲ್ಲಿ ತೇಲಿಬರುವ ಒಂದೆರಡು ದಳಗಳು ಔಷಧಿಯ ಪ್ರಮಾಣವಲ್ಲ, ತೀರ್ಥವನ್ನು ಬಿಡಬೇಕಾಗಿಲ್ಲ. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿರಬೇಕಾದಾಗ ಮಾತ್ರ ಅದನ್ನು ಕಣ್ಣಿಗೊತ್ತಿಕೊಂಡು, ತಲೆಗೆ ಪ್ರೋಕ್ಷಿಸಿಕೊಂಡರೆ ಸಾಕು.