ಅಪಘಾತವಾದ ಮೇಲೆ ಚಾಲಕರಿಲ್ಲದ ಕಾರು ಏನು ಮಾಡಬೇಕು?

ಚಾಲಕರಿಲ್ಲದ ಕಾರಿನೊಳಗೆ ಪ್ರಥಮ ಚಿಕಿತ್ಸೆ ನೀಡುವ ರೋಬಾಟ್ ಇರಿಸಿದರೆ ಜೀವ ಉಳಿಸಬಹುದಲ್ಲವೇ ಎಂದು ತುರ್ತು ಚಿಕಿತ್ಸಾ ವೈದ್ಯನಾದ ನನ್ನನ್ನು ಹಲವರು ಕೇಳುತ್ತಾರೆ. ಕಾರಿಗೆ ಕೈ ಬರುವ ಮೊದಲು, ತನ್ನ ಸುತ್ತ ಮನುಷ್ಯರು ಎಲ್ಲಿದ್ದಾರೆಂಬ ಅರಿವು ಬರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

2023ರ ಅಕ್ಟೋಬರ್ 2ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಚಾಲಕರಿದ್ದ ಕಾರೊಂದು ಗುದ್ದಿದ ರಭಸಕ್ಕೆ ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರು ಪಕ್ಕದ ಪಥದಲ್ಲಿದ್ದ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದರು. ಟ್ಯಾಕ್ಸಿ ಬ್ರೇಕ್ ಹಾಕಿದರೂ ಡಿಕ್ಕಿ ತಪ್ಪಲಿಲ್ಲ. ಪಕ್ಕದಿಂದ ಡಿಕ್ಕಿಯಾಗಿದೆಯೆಂದು ತಪ್ಪಾಗಿ ಗ್ರಹಿಸಿದ ತಂತ್ರಾಂಶವು, ನಿಂತ ಮೇಲೂ ರಸ್ತೆಯ ಅಂಚಿಗೆ ಸರಿಯಲು ಹೊರಟು, ಅಡಿಯಲ್ಲಿ ಸಿಲುಕಿದ್ದ ಆಕೆಯನ್ನು ಸುಮಾರು 20 ಅಡಿ ಎಳೆದೊಯ್ದಿತು. ಅದೇ ತಿಂಗಳ 24ರಂದು ಕ್ಯಾಲಿಫೋರ್ನಿಯಾದ ಮೋಟಾರು ವಾಹನ ಇಲಾಖೆ ಕಂಪನಿಯ ಪರವಾನಗಿಯನ್ನು ಅಮಾನತುಗೊಳಿಸಿತು.

ವಾಹನದಡಿ ಯಾರಾದರೂ ಸಿಲುಕಿದ್ದರೆ ಅದನ್ನು ಅಲುಗಿಸಬೇಡಿ ಎಂಬುದೇ ನಾವು ಹೇಳುವ ಮೊದಲ ಮಾತು. ಸೊಂಟದ ಮೂಳೆ ಮುರಿದಿದ್ದರೆ ಒಂದಡಿ ಎಳೆದರೂ ಒಳಗಿನ ರಕ್ತಸ್ರಾವ ಹೆಚ್ಚಬಹುದು. ಕ್ಷಣದ ಹಿಂದೆ ಎದುರಿಗೆ ಕಂಡ ವ್ಯಕ್ತಿ ಈಗ ಎಲ್ಲಿದ್ದಾರೆಂದು ತಿಳಿಯುವವರೆಗೆ, ಹಿಂದೆ ವಾಹನಗಳು ಸಾಲುಗಟ್ಟಿದರೂ ಸರಿ, ಕಾರು ನಿಂತಲ್ಲೇ ನಿಲ್ಲಬೇಕು.

ಒಳಗಿರುವ ಪ್ರಯಾಣಿಕರ ಹೃದಯವೇ ನಿಂತರೆ? ಎದೆ ಒತ್ತುವ ಲ್ಯೂಕಾಸ್‌ನಂಥ ಯಂತ್ರಗಳು ಆಂಬುಲೆನ್ಸ್‌ಗಳಲ್ಲಿ ಬಳಕೆಯಲ್ಲಿವೆ. ಆದರೆ ರೋಗಿಯನ್ನು ಅಂಗಾತ ಮಲಗಿಸಿ, ಬೆನ್ನಿನಡಿ ಹಲಗೆ ತೂರಿಸಿ, ಒತ್ತುವ ಬಟ್ಟಲನ್ನು ಎದೆಮೂಳೆಯ ಕೆಳಭಾಗದ ಮೇಲೆ ಸರಿಯಾಗಿ ಕೂರಿಸಲು ಮನುಷ್ಯರೇ ಬೇಕು; 2014ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಕೈಯಿಂದ ಒತ್ತುವುದಕ್ಕೆ ಹೋಲಿಸಿದರೆ ಈ ಯಂತ್ರದಿಂದ ಬದುಕುಳಿದವರ ಪ್ರಮಾಣ ಹೆಚ್ಚಲಿಲ್ಲ. ಸೀಟಿನಲ್ಲಿ ಕುಸಿದವರನ್ನು ಮಲಗಿಸಲು ಕಾರಿನಲ್ಲಿ ಜಾಗವೂ ಇಲ್ಲ. ಎದೆ ಒತ್ತದೆ ಕಳೆಯುವ ಪ್ರತಿ ನಿಮಿಷವೂ ಬದುಕುವ ಸಾಧ್ಯತೆಯನ್ನು ಶೇ 7ರಿಂದ 10ರಷ್ಟು ತಗ್ಗಿಸುವುದರಿಂದ, ಕಾರು ತಾನೇ ದೂರದ ಆಸ್ಪತ್ರೆಗೆ ಓಡುವುದಕ್ಕಿಂತ ಜನರಿರುವ ಕಡೆ ನಿಂತು, ಬಾಗಿಲಿನ ಲಾಕ್ ತೆಗೆದು, ಹಾರ್ನ್ ಹೊಡೆದು ನೆರವು ಕೂಗುವುದೇ ಮೇಲು.

ಯುರೋಪಿಯನ್ ಒಕ್ಕೂಟದಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಕಾರುಗಳಿಗೆ ಕಡ್ಡಾಯವಾಗಿರುವ ಇ-ಕಾಲ್ ವ್ಯವಸ್ಥೆಯು, ಜೋರಾದ ಡಿಕ್ಕಿಯಾದಾಗ 112ಕ್ಕೆ ತಾನೇ ಕರೆ ಮಾಡಿ ಸ್ಥಳ, ಸಾಗುತ್ತಿದ್ದ ದಿಕ್ಕು, ಇಂಧನದ ಬಗೆಯನ್ನು ತಿಳಿಸುತ್ತದೆ. ಚಾಲಕರಿಲ್ಲದ ಕಾರಿನ ಕ್ಯಾಮೆರಾ ಇನ್ನೂ ಹೆಚ್ಚನ್ನು ಹೇಳಬಲ್ಲದು: ಒಳಗೆ ಎಷ್ಟು ಜನ, ಯಾರು ಮಾತನಾಡುತ್ತಿದ್ದಾರೆ, ಯಾರ ತಲೆ ಪಕ್ಕಕ್ಕೆ ವಾಲಿದೆ. ಇಷ್ಟು ತಿಳಿದರೆ, ಎಷ್ಟು ಆಂಬುಲೆನ್ಸ್ ಬೇಕು, ಯಾವ ಆಸ್ಪತ್ರೆ ಸಿದ್ಧವಾಗಿರಬೇಕು ಎಂಬುದನ್ನು ಗಾಡಿ ಹೊರಡುವ ಮೊದಲೇ ತೀರ್ಮಾನಿಸಬಹುದು.