ಸಣ್ಣ ಕಚೇರಿಯ ಕಂಪ್ಯೂಟರ್ ಜಾಲ: ಐಪಿ ವಿಳಾಸಗಳ ಹಂಚಿಕೆ

ಕಂಪ್ಯೂಟರ್ ಜಾಲದ ಅಧ್ಯಯನವನ್ನು ನಮ್ಮಲ್ಲಿ ಹೆಚ್ಚಿನವರು ಜಾಲದ ಕೆಲಸವನ್ನು ಹಂತಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳನ್ನು ಬಾಯಿಪಾಠ ಮಾಡುವುದರಿಂದ ಆರಂಭಿಸುತ್ತೇವೆ. ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ ಹತ್ತಿಪ್ಪತ್ತು ಜನರಿರುವ ಕಚೇರಿಯ ಜಾಲ ತೊಡಕಿಲ್ಲದೆ ನಡೆಯಬೇಕಾದರೆ, ಯಾವ ಉಪಕರಣಕ್ಕೆ ಯಾವ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಗುತ್ತದೆ, ಅದನ್ನು ಕೊಡುವುದು ಯಾವುದು ಎಂಬುದು ಮೊದಲು ತಿಳಿದಿರಬೇಕು. ಉದಾಹರಣೆಗೆ ಒಂದು ಸಗಟು ವ್ಯಾಪಾರದ ಕಚೇರಿಯನ್ನು ತೆಗೆದುಕೊಳ್ಳೋಣ: ಬಿಲ್ಲಿಂಗ್ ಕೌಂಟರಿನಲ್ಲಿ ನಾಲ್ಕು ಕಂಪ್ಯೂಟರ್, ಲೆಕ್ಕಪತ್ರದ ಸರ್ವರ್, ಎಲ್ಲರಿಗೂ ಸೇರಿ ಒಂದು ಪ್ರಿಂಟರ್, ಜೊತೆಗೆ ಸಿಸಿಟಿವಿ ಮತ್ತು ವೈಫೈ.

ಇವೆಲ್ಲವೂ ಸ್ವಿಚ್‌ಗೆ, ಅಂದರೆ ಉಪಕರಣಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಗೆ, ಸೇರಿರುತ್ತವೆ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ 48 ಬಿಟ್‌ಗಳ ಮ್ಯಾಕ್ ವಿಳಾಸವಿದ್ದು (ತಯಾರಕರು ಕಾರ್ಡಿಗೆ ಕೊಟ್ಟ ಗುರುತು), ಯಾವ ಪೋರ್ಟಿನಿಂದ ಯಾವ ಮ್ಯಾಕ್ ವಿಳಾಸ ಬಂತು ಎಂಬುದನ್ನು ಸ್ವಿಚ್ ಗುರುತಿಟ್ಟುಕೊಂಡು, ಮುಂದೆ ಆ ವಿಳಾಸಕ್ಕೆ ಬರುವ ದತ್ತಾಂಶವನ್ನು ಅದೇ ಪೋರ್ಟಿಗೆ ಕಳಿಸುತ್ತದೆ. ಕಚೇರಿಯ ಜಾಲದಿಂದ ಹೊರಗೆ ಹೋಗಬೇಕಾದಾಗ ಮಾತ್ರ ರೂಟರ್ ಬೇಕು. ಆದ್ದರಿಂದಲೇ ಇಂಟರ್ನೆಟ್ ಹೋದರೂ ಕೌಂಟರಿನಿಂದ ಪ್ರಿಂಟರಿಗೆ ಬಿಲ್ ಹೋಗುತ್ತದೆ. ಈ ವ್ಯತ್ಯಾಸ ಮನಸ್ಸಿನಲ್ಲಿದ್ದರೆ ದೋಷ ಹುಡುಕುವ ಕೆಲಸ ಅರ್ಧ ಮುಗಿದಂತೆ.

ಐಪಿ ಆವೃತ್ತಿ 4ರ ವಿಳಾಸ 32 ಬಿಟ್‌ಗಳದ್ದು. ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಖಾಸಗಿ ಜಾಲಗಳೊಳಗೆ ಯಾರು ಬೇಕಾದರೂ ಬಳಸಬಹುದಾದ ಮೂರು ಶ್ರೇಣಿಗಳನ್ನು 1996ರ ಆರ್‌ಎಫ್‌ಸಿ 1918 ಎಂಬ ಇಂಟರ್ನೆಟ್ ನಿಯಮಗಳ ದಾಖಲೆ ಗೊತ್ತುಪಡಿಸಿದೆ. 192.168ರಿಂದ ಆರಂಭವಾಗುವ ವಿಳಾಸಗಳು ಅವುಗಳಲ್ಲಿ ಒಂದು ಶ್ರೇಣಿಗೆ ಸೇರಿದವು. ಈ ವಿಳಾಸಗಳು ಇಂಟರ್ನೆಟ್ಟಿನಲ್ಲಿ ಸಲ್ಲುವುದಿಲ್ಲವಾದ್ದರಿಂದ ರೂಟರ್ ಅವುಗಳ ಬದಲಿಗೆ ತನ್ನ ಹೊರ ವಿಳಾಸವನ್ನು ಹಾಕಿ ಕಳಿಸುತ್ತದೆ, ಇದೇ ನ್ಯಾಟ್. ನಮ್ಮ ಕಚೇರಿಗೆ 192.168.10.0/24 ಎಂಬ ಜಾಲ ಧಾರಾಳವಾಗಿ ಸಾಕು. /24 ಎಂದರೆ ವಿಳಾಸದ ಮೊದಲ 24 ಬಿಟ್‌ಗಳು ಜಾಲದ ಗುರುತು, ಉಳಿದ 8 ಬಿಟ್‌ಗಳು ಉಪಕರಣದ್ದು: ಒಟ್ಟು 256 ವಿಳಾಸಗಳಲ್ಲಿ ಮೊದಲನೆಯದು ಜಾಲದ ಗುರುತಿಗೆ, ಕೊನೆಯದು ಎಲ್ಲ ಉಪಕರಣಗಳಿಗೂ ಒಟ್ಟಿಗೆ ಕಳಿಸುವ ಪ್ರಸಾರಕ್ಕೆ ಮೀಸಲಾಗಿ, ಉಪಕರಣಗಳಿಗೆ 254 ಉಳಿಯುತ್ತವೆ.

ವಿಳಾಸ ಹಂಚುವ ಕೆಲಸ ಡಿಎಚ್‌ಸಿಪಿ ಎಂಬ ವ್ಯವಸ್ಥೆಯದು. ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿ ರೂಟರೇ ಅದನ್ನು ಮಾಡುತ್ತದೆ. ಕಂಪ್ಯೂಟರ್ ಕೇಳುತ್ತದೆ, ಡಿಎಚ್‌ಸಿಪಿ ಒಂದು ವಿಳಾಸ ಮುಂದಿಡುತ್ತದೆ, ಕಂಪ್ಯೂಟರ್ ಅದನ್ನೇ ಕೋರುತ್ತದೆ, ಡಿಎಚ್‌ಸಿಪಿ ಖಚಿತಪಡಿಸುತ್ತದೆ. ಹೀಗೆ ಸಿಕ್ಕ ವಿಳಾಸ ನಿಗದಿತ ಅವಧಿಯದು ಮಾತ್ರ ಎಂಬುದನ್ನು ಮರೆಯಬಾರದು. ಪ್ರಿಂಟರ್ ಇಂದು 192.168.10.23 ಪಡೆದು, ರಜೆಯಲ್ಲಿ ಆರಿಸಿಟ್ಟ ಮೇಲೆ 192.168.10.41 ಪಡೆದರೆ, ಹಳೆಯ ವಿಳಾಸವನ್ನೇ ನಂಬಿದ ಕೌಂಟರಿನ ಕಂಪ್ಯೂಟರುಗಳಿಂದ ಬಿಲ್ ಹೊರಬರುವುದಿಲ್ಲ. ಪ್ರಿಂಟರ್ ಕೆಟ್ಟಿದೆಯೆಂದು ಎಲ್ಲರೂ ಭಾವಿಸುತ್ತಾರೆ. ಆದ್ದರಿಂದ ಪ್ರಿಂಟರ್, ಸರ್ವರ್ ಮತ್ತು ಸಿಸಿಟಿವಿಯ ರೆಕಾರ್ಡರಿಗೆ ಅವುಗಳ ಮ್ಯಾಕ್ ವಿಳಾಸದ ಆಧಾರದ ಮೇಲೆ ರೂಟರಿನಲ್ಲಿಯೇ ಕಾಯಂ ವಿಳಾಸ ಕಾಯ್ದಿರಿಸಿ, ವಿಳಾಸದ ಕೊನೆಯ ಭಾಗದ 2ರಿಂದ 50ರವರೆಗಿನ ಸಂಖ್ಯೆಗಳನ್ನು ಇವುಗಳಿಗೂ 100ರಿಂದ 200ರವರೆಗಿನವನ್ನು ಉಳಿದವಕ್ಕೂ ಬಿಟ್ಟು, ಆ ಪಟ್ಟಿಯನ್ನು ಬರೆದಿಡುವುದು ನನ್ನ ದೃಷ್ಟಿಯಲ್ಲಿ ಯಾವ ದುಬಾರಿ ಉಪಕರಣಕ್ಕಿಂತಲೂ ಮುಖ್ಯ.

ವಿಂಡೋಸ್ ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ (ipconfig) ಆದೇಶ ಕೊಟ್ಟಾಗ 169.254ರಿಂದ ಆರಂಭವಾಗುವ ವಿಳಾಸ ಕಂಡರೆ ಡಿಎಚ್‌ಸಿಪಿಯಿಂದ ಉತ್ತರ ಬಂದಿಲ್ಲವೆಂದು ತಿಳಿದು ಮೊದಲು ಕೇಬಲ್, ಸ್ವಿಚ್ ನೋಡಬೇಕು. ಬೇರೆ ಯಾವುದೋ ಶ್ರೇಣಿಯ ವಿಳಾಸ ಕಂಡರೆ, ಯಾರೋ ಮನೆಯಿಂದ ತಂದ ವೈಫೈ ರೂಟರನ್ನು ಗೋಡೆಯ ಪೋರ್ಟಿಗೆ ಜೋಡಿಸಿದ್ದು, ಅದು ತಾನೂ ವಿಳಾಸ ಹಂಚುತ್ತಿರುವ ಸಾಧ್ಯತೆಯಿದೆ.

ಗ್ರಾಹಕರಿಗೆ ವೈಫೈ ಕೊಡುವುದಾದರೆ ಅದನ್ನು ಬೇರೆ ವಿಲ್ಯಾನ್‌ನಲ್ಲಿ (VLAN, ಅದೇ ಸ್ವಿಚ್‌ನೊಳಗೆ ಪ್ರತ್ಯೇಕಿಸಿದ ಜಾಲ) ಇಟ್ಟು, ಅಲ್ಲಿಂದ ಕಚೇರಿಯ ಜಾಲಕ್ಕೆ ದಾರಿಯಿಲ್ಲದಂತೆ ರೂಟರಿನಲ್ಲಿ ನಿಯಮ ಹಾಕಬೇಕು. ನಂತರ ಮೊಬೈಲನ್ನು ಆ ವೈಫೈಗೆ ಸೇರಿಸಿ, ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸ ಕೊಟ್ಟು ನೋಡಿ; ಅದರ ಪುಟ ತೆರೆದುಕೊಂಡರೆ ಬೇರ್ಪಡಿಸುವ ಕೆಲಸ ಇನ್ನೂ ಆಗಿಲ್ಲ.